ಒಂದನೇ ನಂಬರ್ ಮಿಡಿ

೨೮ ಆಗಸ್ಟ್ ೨೦೨೫, ಗುರುವಾರ

ಈ ಡೈರಿ ಶಿರಾಳಕೊಪ್ಪದ ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ಕೆಳಗಿಳಿಸಿದೆ. ಕೆಲವು ಮಾತು ಹೊಟ್ಟೆಯಲ್ಲಿಟ್ಟುಕೊಂಡರೆ ಹುಳಿಯಾಗುತ್ತವೆ. ಅತ್ತೆಗೆ ಹೇಳಿದರೆ ಗಾಬರಿಯಾಗುತ್ತಾರೆ. ಗಂಡನಿಗೆ ಹೇಳಿದರೆ ಹೂಂ ಎಂದು ಟೆಂಪೋ ಒರೆಸಲು ಹೋಗುತ್ತಾನೆ. ಕಾಗದವಾದರೆ ಎದುರಾಡುವುದಿಲ್ಲ.

ನಿನ್ನೆ ಗಣಪತಿ ಮನೆಗೆ ಬಂದ. ಅದೇ ದಿನದಿಂದ ಅಮೆರಿಕದವರು ನಮ್ಮ ದೇಶದ ಸರಕಿಗೆ ಐವತ್ತು ಪರ್ಸೆಂಟ್ ಸುಂಕ ಹಾಕಿದ್ದಾರಂತೆ. ಶೆಡ್ಡಿನ ಎದುರು ಚಹಾದಂಗಡಿ ಇಟ್ಟಿರುವ ಕೆಂಪಪ್ಪಜ್ಜ ಪೇಪರ್ ಓದಿ ಹೇಳಿದ. ರಷ್ಯಾದಿಂದ ಎಣ್ಣೆ ಕೊಂಡೆವೆಂದು ಸಿಟ್ಟಂತೆ. ಎಣ್ಣೆ ಕೊಂಡವರು ಯಾರೋ, ಜಾರಿ ಬೀಳುವವರು ನಾವು.

ನಾವು ಎಂದರೆ ಈ ಊರಲ್ಲಿ ಮಿಡಿ ಸೌತೆ ಹಾಕಿದ ಹೆಂಗಸರು. ಈ ಸೌತೆಯನ್ನು ಇಲ್ಲಿ ಯಾರೂ ತಿನ್ನುವುದಿಲ್ಲ. ಕಿರುಬೆರಳಿನಷ್ಟಿರುವಾಗಲೇ ಕಿತ್ತು ಹಾವೇರಿ ಕಡೆಯ ಫ್ಯಾಕ್ಟರಿಗೆ ಕಳಿಸಬೇಕು. ಅವರು ಉಪ್ಪುನೀರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಾರೆ, ಅಮೆರಿಕದವರು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ. ಬೀಜ ಫ್ಯಾಕ್ಟರಿಯದು, ನೆಲ ನಮ್ಮದು, ಕಾಯಿ ಅಳೆದು ತೆಗೆದುಕೊಳ್ಳುವ ಶೆಡ್ಡಿನ ಉಸ್ತುವಾರಿ ನನ್ನದು.

ಆಷಾಢದಲ್ಲಿ ಮನೆಮನೆ ತಿರುಗಿ ಬಿತ್ತಿಸಿದವಳೂ ನಾನೇ. ಗೋವಿನಜೋಳ ಬಿಟ್ಟು ಹೆಸರೇ ಕೇಳದ ಬಳ್ಳಿ ಹಾಕಿ ಎಂದರೆ ಯಾರು ಕೇಳುತ್ತಾರೆ? "ಮಾವಿನ ಮಿಡಿ ಗೊತ್ತಲ್ಲ, ಇದು ಸೌತೆ ಮಿಡಿ. ಅದನ್ನ ನಾವು ಜಾಡಿಗೆ ಹಾಕ್ತೀವಿ, ಇದನ್ನ ಅವರು ಹಾಕ್ತಾರೆ, ಅಷ್ಟೇ" ಎಂದೆ. ಮಿಡಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರ ಮುಖ ಅರಳಿತು. ನಾನು ಸೊರಬದ ಜಡೆ ಊರಿನ ಹುಡುಗಿ, ಮಿಡಿ ಉಪ್ಪಿನಕಾಯಿಯ ಸೀಮೆಯಿಂದ ಬಂದವಳು, ನಂಬಿದರು. "ಜಡೆಯೋಳು ಮಾತಲ್ಲೇ ಜಡೆ ಹೆಣಿತಾಳೆ" ಎಂದು ನಕ್ಕು ಮೊದಲು ಬೀಜ ಇಸಿದುಕೊಂಡವರು ನಮ್ಮ ಅತ್ತೆ ಹುಚ್ಚಮ್ಮ. ಮನೆಯ ಹಿಂದಿನ ತುಂಡು ಹೊಲವನ್ನೆಲ್ಲ ಅದಕ್ಕೇ ಬಿಟ್ಟರು.

ಈಗ ಬಳ್ಳಿ ಹೂ ಬಿಟ್ಟಿದೆ. ಹೂವಿಗೆ ಪೇಪರ್ ಓದಲು ಬರುವುದಿಲ್ಲ, ಅದು ಕಾಯಿ ಕಚ್ಚಿಯೇ ಕಚ್ಚುತ್ತದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ಗಾದೆ. ನಮ್ಮ ಸುಂಕದವನು ಏಳು ಸಮುದ್ರದಾಚೆ ಕೂತಿದ್ದಾನೆ, ಹೇಳಿಕೊಳ್ಳೋಣವೆಂದರೂ ಕೈಗೆ ಸಿಗುವುದಿಲ್ಲ.

ಒಂದು ಮಾತು ಬರೆದಿಡುತ್ತೇನೆ. ನಾನು ಬಿತ್ತಿಸಿದ ಹೆಂಗಸರ ಒಂದು ಕಾಯಿಯೂ ತಿಪ್ಪೆಗೆ ಹೋಗಬಾರದು. ಹೋದರೆ ಈ ಊರಲ್ಲಿ ನಾನು ಮುಖ ಎತ್ತಿ ತಿರುಗುವ ಹಾಗಿಲ್ಲ.

೪ ಸೆಪ್ಟೆಂಬರ್

ಮೊದಲ ಕೊಯ್ಲು. ಶೆಡ್ಡಿನ ಮುಂದೆ ಮದುವೆ ಮನೆಯ ಗಲಾಟೆ.

ಇದೊಂದು ತಲೆಕೆಳಗಾದ ಬೆಳೆ. ಬೆಳಿಗ್ಗೆ ಕಿರುಬೆರಳಿನಷ್ಟಿದ್ದದ್ದು ಸಂಜೆಗೆ ಹೆಬ್ಬೆರಳಾಗುತ್ತದೆ. ಒಂದು ದಿನ ಕೀಳದೆ ಬಿಟ್ಟರೆ ಯಾರಿಗೂ ಬೇಡದ ವಸ್ತು. ಬೇರೆ ಬೆಳೆಯಲ್ಲಿ ಕಾಯಿ ದಪ್ಪವಾದರೆ ಹಬ್ಬ, ಇದರಲ್ಲಿ ದಪ್ಪವಾದರೆ ಸೂತಕ. ಅಳೆಯಲು ಫ್ಯಾಕ್ಟರಿಯವರು ಕಬ್ಬಿಣದ ಮೂರು ಉಂಗುರ ಕೊಟ್ಟಿದ್ದಾರೆ. ಹೆಂಗಸರು ಅದಕ್ಕೆ ಬಳೆ ಎನ್ನುತ್ತಾರೆ. ಸಣ್ಣ ಬಳೆಯಲ್ಲಿ ನುಸುಳಿದ್ದು ಒಂದನೇ ನಂಬರ್, ಒಳ್ಳೆಯ ರೇಟು. ದೊಡ್ಡ ಬಳೆಯಲ್ಲೂ ನುಸುಳದಿದ್ದರೆ ವಾಪಸ್.

ಅತ್ತೆ ಬುಟ್ಟಿಗೆ ಬಾಳೆಲೆ ಹಾಸಿ, ಕಾಯಿಯ ತುದಿಯ ಹೂವೂ ಉದುರದ ಹಾಗೆ ತಂದಿದ್ದರು. ಬಾಣಂತಿ ಮಗುವನ್ನು ಎತ್ತಿಕೊಂಡು ಬಂದ ಹಾಗೆ. ಒಂದೊಂದೇ ಬಳೆಯಲ್ಲಿ ನುಸುಳಿಸಿದೆ.

"ಎಲ್ಲಾ ಒಂದನೇ ನಂಬರ್ ಐತೇನೇ ನಯನಿ?"

"ಎಲ್ಲಾ ಒಂದನೇ ನಂಬರ್ ಅತ್ತೆ."

ಅವರಿಗೆ ಎಷ್ಟು ಖುಷಿಯೆಂದರೆ ಬಂದಳಿಕೆಯಿಂದ ಬಂದ ರಾಜೇಶ್ವರಮ್ಮನನ್ನು ಹಿಡಿದು ನಿಲ್ಲಿಸಿ ಅದನ್ನೇ ಮತ್ತೆ ಹೇಳಿದರು. ರಾಜೇಶ್ವರಮ್ಮ ಗಟ್ಟಿ ಹೆಂಗಸು, ಗಂಡ ತೀರಿಕೊಂಡ ಮೇಲೆ ಹೊಲ ತಾನೇ ನೋಡಿಕೊಂಡವರು. ಖಾರ ಇಲ್ಲದ, ಸಾಸಿವೆ ಇಲ್ಲದ ಉಪ್ಪಿನಕಾಯಿಯನ್ನು ಅಮೆರಿಕದವರು ಹೇಗೆ ತಿನ್ನುತ್ತಾರೆ ಎಂದು ಇಬ್ಬರೂ ಸೇರಿ ಮರುಗಿದರು. ಒಂದು ಮುಷ್ಟಿ ಮೆಣಸಿನಪುಡಿ ಜೊತೆಗೇ ಕಳಿಸಿದರೆ ಪುಣ್ಯ ಬರುತ್ತದೆ ಎಂದು ಅತ್ತೆಯ ಸಲಹೆ.

ನನ್ನ ಗಂಡ ಶಿವರಾಮ ಟೆಂಪೋಗೆ ಕ್ರೇಟು ತುಂಬಿಕೊಂಡು ಹೊರಟಾಗ ಎಲ್ಲರೂ ರಸ್ತೆಯವರೆಗೆ ಹೋಗಿ ಕಳಿಸಿಕೊಟ್ಟೆವು. ಸುಂಕ ಗಿಂಕ ಎಲ್ಲ ಪೇಪರಿನಲ್ಲಿ ಇರುವಂಥದ್ದು ಎನ್ನಿಸಿತು.

೧೨ ಸೆಪ್ಟೆಂಬರ್

ಪೇಪರಿನಲ್ಲಿದ್ದದ್ದು ಬೈಕ್ ಹತ್ತಿ ಶೆಡ್ಡಿಗೆ ಬಂತು.

ಗುರುಪ್ರಕಾಶ್ ಫ್ಯಾಕ್ಟರಿಯ ಫೀಲ್ಡ್ ಆಫೀಸರ್. ಶಿಕಾರಿಪುರದ ವ್ಯಾಪಾರದ ಮನೆಯ ಹುಡುಗ, ಕೃಷಿ ಓದಿದವನು, ಮಾತು ಬೆಣ್ಣೆ. ಚಹಾ ತರಿಸಿ ಕುಡಿಸಿ ವಿಷಯ ಹೇಳಿದ. ಡ್ರಮ್ಮುಗಳು ಬಂದರಿನಲ್ಲೇ ನಿಂತಿವೆ. ಅಲ್ಲಿಯ ಖರೀದಿದಾರ, ಸುಂಕದ ಭಾರ ನೀವೇ ಹೊತ್ತುಕೊಳ್ಳಿ, ಇಲ್ಲವಾದರೆ ಬೇರೆ ದೇಶದ ಮಾಲು ತರಿಸುತ್ತೇನೆ ಎನ್ನುತ್ತಿದ್ದಾನೆ. ಫ್ಯಾಕ್ಟರಿಗೆ ಈಗ ಬೇಕಾದದ್ದು ಅರ್ಧ ಮಾಲು.

ಸೈಜಿಗೆ ಬಂದ ಕಾಯಿಯನ್ನೆಲ್ಲ ತೆಗೆದುಕೊಳ್ಳುತ್ತೇವೆ ಎಂದು ನೀವೇ ಮಾತು ಕೊಟ್ಟಿದ್ದೀರಲ್ಲ ಎಂದೆ. ಅದಕ್ಕೇ ಬಂದದ್ದು ಮೇಡಂ ಎಂದು ಚೀಲದಿಂದ ಹೊಸ ಬಳೆಗಳನ್ನು ತೆಗೆದ. ನೋಡಲು ಹಳೆಯವುಗಳ ಹಾಗೆಯೇ ಇವೆ, ಒಂದು ಸುತ್ತು ಸಣ್ಣವು.

"ಬೇಡ ಅನ್ನಬೇಡಿ. ಸೈಜ್ ಬಂದಿಲ್ಲ ಅನ್ನಿ."

ಅಮೆರಿಕದವರು ಹಾಕಿದ ಸುಂಕವನ್ನು ನೀವು ಈ ಹೆಂಗಸರ ಬುಟ್ಟಿಯ ಮೇಲೆ ಹಾಕುತ್ತಿದ್ದೀರಿ ಎಂದೆ. ಅವನು ಜಗಳಾಡಲಿಲ್ಲ. ಹಳೆ ಬಳೆ ಇಟ್ಟುಕೊಂಡರೆ ಈ ವಾರದಲ್ಲೇ ಶೆಡ್ಡು ಮುಚ್ಚುತ್ತಾರೆ, ಆಮೇಲೆ ಒಂದು ಕಾಯಿಯೂ ಹೋಗುವುದಿಲ್ಲ, ಯೋಚನೆ ಮಾಡಿ ಎಂದ. ಚಹಾದ ದುಡ್ಡೂ ಅವನೇ ಕೊಟ್ಟ.

ಕೆಂಪಪ್ಪಜ್ಜ ಎಲ್ಲ ಕೇಳಿಸಿಕೊಂಡಿದ್ದ. "ಇನ್ ಮ್ಯಾಲೆ ನಿನ್ ಶೆಡ್ಡಿಗೆ ಸುಂಕದಕಟ್ಟೆ ಅನ್ಬೇಕು ಬಿಡವ್ವ" ಎಂದು ನಕ್ಕ. ನನಗೂ ನಗು ಬಂತು. ಮುದುಕನ ನಾಲಿಗೆಗೆ ಎಲುಬಿಲ್ಲ.

೧೩ ಸೆಪ್ಟೆಂಬರ್

ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಶೆಡ್ಡು ಮುಚ್ಚಿದರೆ ಬಳ್ಳಿಯ ಮೇಲಿರುವುದೆಲ್ಲ ಕೊಳೆಯುತ್ತದೆ. ತೆರೆದಿದ್ದರೆ ಅರ್ಧವಾದರೂ ಹೋಗುತ್ತದೆ. ಉರಿಯುವ ಮನೆಯಲ್ಲಿ ಗಳ ಹಿರಿದಷ್ಟೇ ಲಾಭ.

ಎಲ್ಲರನ್ನೂ ಕೂರಿಸಿ ನಿಜ ಹೇಳಿಬಿಡೋಣ ಎಂದುಕೊಂಡೆ. ಹೇಳಿದರೆ ರೊಚ್ಚಿಗೆದ್ದು ರಸ್ತೆಗೆ ಕೂರುತ್ತಾರೆ, ಫ್ಯಾಕ್ಟರಿಯವರಿಗೆ ಶೆಡ್ಡು ಮುಚ್ಚಲು ಅದೇ ನೆಪ ಸಾಕು. ಅವರ ಒಳ್ಳೆಯದಕ್ಕೇ ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರುತ್ತೇನೆ.

೧೬ ಸೆಪ್ಟೆಂಬರ್

ಹೊಸ ಬಳೆ. ಎಲ್ಲರ ಬುಟ್ಟಿಯಲ್ಲೂ ಅರ್ಧ ವಾಪಸ್.

ಕಾಯಿ ದಪ್ಪವಾಗಿದೆ, ಬೇಗ ಕೊಯ್ಯಿರಿ ಎಂದೆ. ಬಳೆ ಬೇರೆಯದಾ ಎಂದು ರಾಜೇಶ್ವರಮ್ಮ ಕೇಳಿದರು. ಅದೇ ಬಳೆ ಎಂದೆ.

ಅತ್ತೆಯ ಬುಟ್ಟಿಗೆ ಮಾತ್ರ ಸೆರಗಿನ ಮರೆಯಲ್ಲಿ ಹಳೆ ಬಳೆ ತೆಗೆದೆ. ಎಲ್ಲಾ ಒಂದನೇ ನಂಬರ್.

೨೪ ಸೆಪ್ಟೆಂಬರ್

ಇಂಥದ್ದು ಎಷ್ಟು ದಿನ ಮುಚ್ಚಿಡಲು ಬರುತ್ತದೆ. ಅತ್ತೆಯ ಹೊಲದಲ್ಲಿ ಮಾತ್ರ ತೆಳ್ಳಗಿನ ಕಾಯಿ ಬಿಡುತ್ತದೆ, ಅದೇನು ಗೊಬ್ಬರ ಹಾಕುತ್ತಾರೋ ಎಂದು ಹೆಂಗಸರು ಆಡಿಕೊಳ್ಳತೊಡಗಿದ್ದರು. ಮಾತು ಗುರುಪ್ರಕಾಶ್ ಕಿವಿಗೂ ಬಿತ್ತು. ಇವತ್ತು ಬೆಳಿಗ್ಗೆಯೇ ಬಂದು ಕುರ್ಚಿ ಹಾಕಿಕೊಂಡು ಕೂತ.

ಅತ್ತೆ ಬಾಳೆಲೆ ಹಾಸಿದ ಬುಟ್ಟಿ ಇಳಿಸಿದರು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಹೊಸ ಬಳೆ ತೆಗೆದೆ. ಮೊದಲ ಕಾಯಿ ನುಸುಳಲಿಲ್ಲ. ಎರಡನೆಯದೂ ಇಲ್ಲ, ಅತ್ತೆ ಇನ್ನೂ ಹಳೆ ಅಳತೆಗೇ ಕೊಯ್ದಿದ್ದರು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

"ನಿನ್ನೇನೂ ಇಷ್ಟೇ ಇತ್ತಲ್ಲೇ?"

"ನಿನ್ನೆಯದು ನಿನ್ನೆಗೆ ಅತ್ತೆ. ಇವತ್ತು ದಪ್ಪ ಆಗೈತೆ."

"ಬಳೆ ಅದೇನಾ?"

"ಅದೇ."

ಅಷ್ಟೂ ವಾಪಸ್ ಮಾಡಿದೆ. ಅತ್ತೆ ಬಾಳೆಲೆ ಮಡಿಸಿ ಕಾಯಿಯ ಮೇಲೆ ಮುಚ್ಚಿದರು. ಬುಟ್ಟಿ ತಲೆಗೆ ಎತ್ತಿಕೊಳ್ಳಲು ಕೈ ಕೊಡಲು ಹೋದೆ, ರಾಜೇಶ್ವರಮ್ಮ ಆಗಲೇ ಕೈ ಕೊಟ್ಟಿದ್ದರು. ಅತ್ತೆ ರಸ್ತೆ ದಾಟಿ ಹೋಗುವವರೆಗೆ ನೋಡುತ್ತ ನಿಂತೆ.

ಆಮೇಲೆ ಗುರುಪ್ರಕಾಶ್ ಎದ್ದು ಎಲ್ಲರ ಎದುರಿಗೇ ಹೇಳಿದ, ಅತ್ತೆ ಅಂತ ನೋಡಲಿಲ್ಲ, ಮೇಡಂ ಅಂದ್ರೆ ಹೀಗಿರಬೇಕು. ಹೆಂಗಸರೂ ತಲೆಯಾಡಿಸಿದರು. ಭೇದಭಾವ ಮಾಡುತ್ತಾಳೆ ಎಂಬ ಮಾತು ಇವತ್ತಿಗೆ ಅಳಿಯಿತು. ಒಂದು ಕಡೆಯಿಂದ ನೋಡಿದರೆ ಒಳ್ಳೆಯದೇ ಆಯಿತು.

೨೫ ಸೆಪ್ಟೆಂಬರ್

ಶೆಡ್ಡಿನಿಂದ ಮನೆಗೆ ಬಂದಾಗ ಬಾಗಿಲ ಪಕ್ಕದ ಗೂಟದಲ್ಲಿ ಎರಡು ಬಳೆ ನೇತಾಡುತ್ತಿದ್ದವು. ಶೆಡ್ಡಿನಲ್ಲಿ ಇನ್ನೊಂದು ಜೊತೆ ಹೊಸ ಬಳೆ ಇದೆಯೆಂದು ಮನೆಯಲ್ಲೇ ಬಿಟ್ಟು ಹೋಗಿದ್ದ ನನ್ನ ಚೀಲ ಒಗೆಯಲು ತೆಗೆದಾಗ ಅತ್ತೆಗೆ ಸಿಕ್ಕಿರಬೇಕು. ಒಂದೇ ದಾರಕ್ಕೆ ಕಟ್ಟಿದ್ದರು. ಹೊಸದು ಹಳೆಯದರ ಒಳಗೆ ಸಲೀಸಾಗಿ ಕೂತಿತ್ತು.

ಕೇಳುತ್ತಾರೆ ಎಂದುಕೊಂಡೆ. ಏನೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ "ಇನ್ ಸ್ವಲ್ಪ ಅನ್ನ ಹಾಕ್ಲೇನ್ರೀ?" ಎಂದರು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವರು ನನಗೆ ರೀ ಎಂದದ್ದು ಇದೇ ಮೊದಲು. ಶೆಡ್ಡಿನಲ್ಲಿ ನನಗೆ ಜನ ಕೊಡುವ ಗೌರವ ಊರವರ ಬಾಯಲ್ಲಿ ಕೇಳಿದರಲ್ಲ, ಅದಕ್ಕೇ ಇರಬೇಕು.

ಬಳೆ ಎರಡನ್ನೂ ಬಿಚ್ಚಿ ಚೀಲದಲ್ಲಿಟ್ಟುಕೊಂಡೆ. ಹಳೆಯದು ಇನ್ನು ಬೇಡ, ಗುಜರಿಗೆ ಹಾಕಬೇಕು.

೧ ಅಕ್ಟೋಬರ್, ಆಯುಧಪೂಜೆ

ಕುಡುಗೋಲು, ಕತ್ತಿ, ಗುದ್ದಲಿ, ಒನಕೆ, ಟೆಂಪೋ. ಅತ್ತೆ ಎಲ್ಲಕ್ಕೂ ಕುಂಕುಮ ಇಟ್ಟರು. ನಾನೂ ನನ್ನ ಬಳೆಗಳನ್ನು ತೊಳೆದು ಸಾಲಿನಲ್ಲಿಟ್ಟಿದ್ದೆ. ಅದೊಂದಕ್ಕೆ ಕುಂಕುಮ ಇಡುವುದು ಮರೆತರು. ವಯಸ್ಸಾಯಿತು, ಕಣ್ಣು ಮಂಜು. ಬಳೆಗೆ ನಾನೇ ಇಟ್ಟೆ.

ಶಿವರಾಮ ಟೆಂಪೋಗೆ ನಿಂಬೆಹಣ್ಣು ಕಟ್ಟುತ್ತಾ, "ಅವ್ವ ನಿನಗೆ ರೀ ಅಂತಾಳೆ, ಗೊತ್ತಾತಾ?" ಎಂದ. ಗೊತ್ತಾಗದೆ ಏನು, ಗೌರವ ಎಂದೆ. ಅವನು ಹೂಂ ಎಂದ. ಆ ಹೂಂ ನನಗೆ ಹಿಡಿಸಲಿಲ್ಲ.

೭ ಅಕ್ಟೋಬರ್, ಭೂಮಿ ಹುಣ್ಣಿಮೆ

ಅತ್ತೆ ನಸುಕಿನಲ್ಲೇ ಎದ್ದು ಒಬ್ಬರೇ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಪ್ರತಿ ವರ್ಷ ಎಡೆಯ ಬುಟ್ಟಿ ನನ್ನ ತಲೆಯ ಮೇಲಿರುತ್ತಿತ್ತು. ನನಗೂ ಶೆಡ್ಡಿನಲ್ಲಿ ಕೆಲಸವಿತ್ತು, ಅನುಕೂಲವೇ ಆಯಿತು.

೧೭ ಅಕ್ಟೋಬರ್

ಊರೆಲ್ಲ ನಾರುತ್ತಿದೆ. ಇಷ್ಟು ದಿನ ಇವರು ಮಾಡಿದ ಘನಂದಾರಿ ಕೆಲಸ ಇವತ್ತು ಬಯಲಿಗೆ ಬಂತು.

ನಾವು ವಾಪಸ್ ಕಳಿಸಿದ ಕಾಯಿಯನ್ನು ದನಕ್ಕೆ ಹಾಕುತ್ತಿದ್ದಾರೆ ಎಂದುಕೊಂಡಿದ್ದೆ. ಇಲ್ಲ. ಒಬ್ಬರನ್ನು ನೋಡಿ ಒಬ್ಬರು, ಮಾವಿನ ಮಿಡಿಗೆ ಹಾಕುವ ಹಾಗೆ ಕಲ್ಲುಪ್ಪು ಹಾಕಿ ಜಾಡಿ ತುಂಬಿಟ್ಟಿದ್ದಾರೆ. ಹೇಗೂ ಮಿಡಿಯಲ್ಲವಾ, ಚಿರುಟಿದ ಮೇಲೆ ಖಾರ ಹಾಕಿ ಶಿರಾಳಕೊಪ್ಪದ ಸಂತೆಯಲ್ಲಿ ಮಾರೋಣ ಎಂದು ಲೆಕ್ಕಾಚಾರ. ಮಾವಿನ ಮಿಡಿಯ ಸೊನೆ ಉಪ್ಪಿಗೆ ನಿಲ್ಲುತ್ತದೆ. ಇದು ಬರೀ ನೀರಿನ ಕಾಯಿ. ಒಂದೊಂದು ಜಾಡಿಯೂ ಲೋಳೆಯಾಗಿ ನೊರೆ ಎದ್ದಿದೆ.

ಎಲ್ಲರಿಗಿಂತ ದೊಡ್ಡ ಪೆಟ್ಟು ನಮ್ಮ ಮನೆಗೇ. ಅತ್ತೆ ಬೇರೆ ಜಾಡಿ ಹುಡುಕದೆ, ಅರ್ಧ ಉಳಿದಿದ್ದ ಈ ವರ್ಷದ ಮಾವಿನ ಮಿಡಿಯ ಜಾಡಿಗೇ ಇದನ್ನು ಸುರಿದಿದ್ದಾರೆ. ಹಳೇ ಉಪ್ಪುನೀರು ಕೂಡಿದರೆ ಬೇಗ ಹದ ಬರುತ್ತದೆ ಎಂದು. ಸೌತೆಯ ಸಂಗಡ ಮಾವಿನ ಮಿಡಿಯೂ ಹೋಯಿತು. ಅವರ ಅತ್ತೆಯ ಕಾಲದ ಜಾಡಿ, ಒಂದು ವರ್ಷವೂ ಬರಿದಾಗಿರಲಿಲ್ಲವಂತೆ. ಇವತ್ತು ತಿಪ್ಪೆಗೆ ಹೊತ್ತುಕೊಂಡು ಹೋಗಿ ಕವುಚಿ ಬಂದರು. ನಾನು ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಸಂಜೆ ಶೆಡ್ಡಿನಲ್ಲಿ ಎಲ್ಲರಿಗೂ ಬೈದೆ. ಒಂದು ಮಾತು ನಮ್ಮನ್ನು ಕೇಳಬಾರದಿತ್ತಾ? ಫ್ಯಾಕ್ಟರಿಯಲ್ಲಿ ಅದಕ್ಕೆ ಬೇರೆ ನೀರು, ಬೇರೆ ಹದ ಇರುತ್ತದೆ. ಮಿಡಿ ಎಂದ ಮಾತ್ರಕ್ಕೆ ಎಲ್ಲ ಮಿಡಿಯೂ ಒಂದೇನಾ?

"ಮಿಡಿ ಅಂದೋರು ನೀವೇ ಅಲ್ರೀ ಮೇಡಂ" ಎಂದರು ರಾಜೇಶ್ವರಮ್ಮ.

ಹೆಸರು ಹೆಸರಷ್ಟೇ. ತಿಳಿದುಕೊಳ್ಳುವುದು ಬೆಳೆಗಾರರ ಜವಾಬ್ದಾರಿ.

೨೧ ಅಕ್ಟೋಬರ್

ರಾಜೇಶ್ವರಮ್ಮ ಬಳ್ಳಿ ಕಿತ್ತು ಬದುವಿಗೆ ಹಾಕಿದ್ದಾರೆ ಎಂದು ಸುದ್ದಿ ಬಂತು. ಇನ್ನೂ ಕಾಯಿ ಬಿಡುತ್ತಿದ್ದ ಬಳ್ಳಿ. ಬಂದಳಿಕೆಗೆ ಹೋದೆ, ಬುದ್ಧಿ ಹೇಳೋಣವೆಂದು. ಹಾಳು ಗುಡಿಗಳ ಪಕ್ಕದಲ್ಲೇ ಅವರ ಹೊಲ. ನೀರು ಕೊಟ್ಟರು, ಕೂರಿಸಿದರು, ಮರ್ಯಾದೆಗೆ ಏನೂ ಕಡಿಮೆಯಿಲ್ಲ.

ಸುಂಕ ಹೆಚ್ಚಾದದ್ದಕ್ಕೆ ಫ್ಯಾಕ್ಟರಿಯಾದರೂ ಏನು ಮಾಡಬೇಕು, ನಮ್ಮ ಕಷ್ಟವೂ ನೋಡಿ ಎಂದೆ. ಅವರು ಗುಡಿಯ ಮುಂದಿನ ಕಲ್ಲುಗಳ ಕಡೆ ಕೈ ತೋರಿಸಿದರು.

"ಆ ಕಲ್ಲಿನ ಮ್ಯಾಲೆ ಸುಂಕ ಬಿಟ್ಟೋರ ಹೆಸರು ಬರ್ದೈತಂತೆ ಕಣ್ರೀ. ತಗೊಂಡೋರ ಹೆಸರು ಎಲ್ಲೂ ಇಲ್ಲಂತೆ."

ಓದಲು ಬರೆಯಲು ಬರದವರಿಗೆ ಕಲ್ಲಿನ ಮೇಲೆ ಏನಿದೆ ಎಂದು ಯಾರು ಹೇಳಿದರೋ. ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖ ನೋಡಿ ಕೇಳದೆಯೇ "ಸುಂಕದಕಟ್ಟೆ ಇಳಿಯೋರು" ಎಂದು ಕೂಗಿದ. ಕೆಂಪಪ್ಪಜ್ಜನ ತಮಾಷೆ ಬಸ್ ಹತ್ತಿದೆ. ಸ್ಟಾಪಿಗೊಂದು ಹೆಸರಾಯಿ‍ತಲ್ಲ, ಇರಲಿ.

೩೦ ಅಕ್ಟೋಬರ್

ಬೆಳೆ ಮುಗಿಯಿತು. ಶೆಡ್ಡು ಒಂದು ದಿನವೂ ಮುಚ್ಚಲಿಲ್ಲ. ನಾನು ಅಂದುಕೊಂಡದ್ದನ್ನು ಸಾಧಿಸಿದೆ.

೧೮ ನವೆಂಬರ್

ಗುರುಪ್ರಕಾಶ್ ಫೋನ್ ಮಾಡಿದ. ಸೊರಬದ ಕಡೆ ನೀರಾವರಿಯಲ್ಲಿ ಬೇಸಿಗೆ ಬೆಳೆ ಹಾಕಿಸುತ್ತಿದ್ದಾರೆ, ಜಡೆಯ ಶೆಡ್ಡನ್ನೂ ನೀವೇ ನೋಡಿಕೊಳ್ಳಿ ಎಂದ. ಸುತ್ತಿನ ಶೆಡ್ಡುಗಳಲ್ಲೆಲ್ಲ ಗಲಾಟೆಯಾಯಿತಂತೆ, ನನ್ನದೊಂದರಲ್ಲಿ ಇಲ್ಲವಂತೆ. ನಿಮಗೆ ಬೆಳೆಗಾರ ಪಾರ್ಟಿಗಳನ್ನು ಸಂಭಾಳಿಸುವುದು ಗೊತ್ತು ಮೇಡಂ ಎಂದ. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಖುಷಿಗೆ ಶಿರಾಳಕೊಪ್ಪದ ಸಂತೆಗೆ ಹೋಗಿ ತರಕಾರಿ ತಂದೆ. ತೊಂಡೆಕಾಯಿ ಆರಿಸುವಾಗ ಕೈ ತಾನಾಗಿ ಚೀಲದಿಂದ ಬಳೆ ತೆಗೆದು ಒಂದೊಂದೇ ನುಸುಳಿಸತೊಡಗಿತ್ತು. ತರಕಾರಿಯವಳು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು, ತಗೊಳ್ಳೋದಿದ್ರೆ ತಗೋಳ್ರಿ, ಇಲ್ಲಾಂದ್ರೆ ಮುಂದೆ ಹೋಗ್ರಿ ಎಂದಳು. ಅಕ್ಕಪಕ್ಕದವರು ನಕ್ಕರು. ಬೇಕಾದ್ದನ್ನು ನೋಡಿ ಆರಿಸಿಕೊಂಡರೆ ಇವರಿಗೇನು ನೋವೋ. ಆದರೂ ಹೇಳಬೇಕು, ಅರ್ಧದಷ್ಟು ದಪ್ಪವಿದ್ದವು.

ಮನೆಗೆ ಬಂದು ಹೊಸ ಕೆಲಸದ ಸುದ್ದಿ ಹೇಳಿದೆ. "ಒಳ್ಳೆದಾತು ಬಿಡ್ರಿ" ಎಂದರು ಅತ್ತೆ. ಉಪ್ಪಿನಕಾಯಿಯಿಲ್ಲದ ಊಟ ಸಪ್ಪೆ. ಹಿಂದಿನಂತೆ ನನ್ನನ್ನು ಜಡೆಯೋಳು ಎಂದು ರೇಗಿಸಿ ಎಷ್ಟು ದಿನವಾಯಿತು ಎಂದು ಯೋಚಿಸಿದೆ. ನೆನಪಾಗಲಿಲ್ಲ. ಕೆಲಸ ಹೆಚ್ಚು, ತಲೆಯಲ್ಲಿ ನಿಲ್ಲುವುದಿಲ್ಲ.

೫ ಫೆಬ್ರವರಿ ೨೦೨೬

ಅಮೆರಿಕದವರು ಸುಂಕ ಇಳಿಸುತ್ತಾರಂತೆ! ಎರಡೂ ದೇಶದವರಿಗೆ ರಾಜಿಯಾಗಿದೆಯೆಂದು ಪೇಪರಿನ ತುಂಬ ಅದೇ. ಮಧ್ಯಾಹ್ನವೇ ಗುರುಪ್ರಕಾಶ್ ಬೀಜದ ಪೊಟ್ಟಣ ತಂದ. ಈ ಸಲ ಎಷ್ಟು ಬೆಳೆದರೂ ಬೇಕಂತೆ, ಹಳೆ ಬಳೆಯಲ್ಲೇ ಅಳೆಯಿರಿ ಎಂದ. ಹಳೆ ಬಳೆ ಗುಜರಿಗೆ ಹೋಯಿತಲ್ಲ ಎಂದರೆ ಬೇರೆ ಮಾಡಿಸಿ ಕೊಡುತ್ತೇನೆ ಎಂದ.

ಕುಣಿಯುತ್ತ ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ಬನ್ರಿ ಮೇಡಂ, ಹೋಗ್ಬರ್ರಿ ಮೇಡಂ. ಬೀಜಕ್ಕೆ ಒಬ್ಬರೂ ಕೈ ಚಾಚಲಿಲ್ಲ. ಒಬ್ಬಳು ನೀರಿಲ್ಲ ಎಂದಳು, ಒಬ್ಬಳು ಮಗಳ ಬಾಣಂತನ ಎಂದಳು. ಒಬ್ಬಳಾದರೂ ನಯನಕ್ಕ ಎಂದು ಕರೆದು, ಜಗಳವಾಡಿ, ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರವಿದೆ, ಚಹಾಕ್ಕೆ ಏನು ಉತ್ತರ?

ಮನೆಯಲ್ಲಾದರೂ ಮಾತು ನಡೆದೀತು ಎಂದು ಅತ್ತೆಯ ಮುಂದೆ ಪೊಟ್ಟಣ ಇಟ್ಟೆ. ಹಿಂದಿನ ಹೊಲ ಖಾಲಿಯೇ ಇದೆಯಲ್ಲ, ಬೋರಿನ ನೀರಿದೆ, ಸುಂಕ ಇಳಿದಿದೆ, ಇನ್ನೇನು ಭಯ ಎಂದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಸುಂಕದೋರ ಮುಂದೆ ಸುಖದುಃಖ ಹೇಳ್ಕಬಾರ್ದಂತೆ ರೀ. ನಮ್ದೇನೈತೋ ನಮಗಿರ್ಲಿ."

ನೋಡು, ಹೇಗಿದೆ! ಅಮೆರಿಕದವರೇ ಮನಸ್ಸು ಕರಗಿಸಿಕೊಂಡಿದ್ದಾರೆ, ಇವರಿನ್ನೂ ಹಳೇ ಗಾದೆ ಹಿಡಿದು ಕೂತಿದ್ದಾರೆ. ಸುಂಕದವನು ಇನ್ನೆಲ್ಲಿದ್ದಾನೆ?

೧೯ ಫೆಬ್ರವರಿ

ಈ ಊರಲ್ಲಿ ಬೆಳೆಗಾರರಿಲ್ಲವೆಂದು ಶೆಡ್ಡು ಮುಚ್ಚಿದರು. ಬೀಗ ನಾನೇ ಹಾಕಿದೆ. ಕೆಂಪಪ್ಪಜ್ಜ ಅಂಗಡಿಯಲ್ಲಿದ್ದ, ನನ್ನತ್ತ ತಿರುಗಲಿಲ್ಲ.

೨೬ ಮಾರ್ಚ್

ಅತ್ತೆಗೆ ಈ ವರ್ಷದ ಮಾವಿನ ಮಿಡಿ ಹೋದ ತಿಂಗಳೇ ಸಿಕ್ಕಿತ್ತು. ಜಡೆಯ ಶೆಡ್ಡಿನಿಂದ ಬರುವಾಗ ನಾನು ತರುತ್ತೇನೆ ಎಂದಿದ್ದೆ. ಬೇಡ ಎಂದು ಬಸ್ ಹತ್ತಿ ತಾವೇ ಸೊರಬಕ್ಕೆ ಹೋಗಿ ಆರಿಸಿ ತಂದಿದ್ದರು. ಆ ಹಳೇ ಜಾಡಿಯನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಹೊಗೆ ತೋರಿಸಿ, ಅದಕ್ಕೇ ಹಾಕಿದ್ದರು. ಇವತ್ತು ಮೊದಲ ಸಲ ಮುಚ್ಚಳ ತೆಗೆದರು. ಮನೆಯೆಲ್ಲ ಘಮ್ಮೆಂದಿತು. ಎಷ್ಟು ತಿಂಗಳಾಗಿತ್ತು ಆ ಪರಿಮಳ ಕುಡಿದು. ಸುಮ್ಮನೆ ಕೂತಿದ್ದವಳಿಗೆ ಕಣ್ಣಲ್ಲಿ ನೀರು ಬಂತು, ಖಾರದ ಘಾಟಿಗಿರಬೇಕು.

ಶಿವರಾಮನಿಗೆ ಕೇಳದೆಯೇ ಎರಡು ಹಾಕಿದರು. ಅವನು ಈಗ ಸಂತೆಗೆ ಬಾಡಿಗೆ ಹೊಡೆಯುತ್ತಾನೆ, ಫ್ಯಾಕ್ಟರಿಯ ಕಡೆ ಹೋಗುವುದಿಲ್ಲ. ಆಮೇಲೆ ನನ್ನ ತಟ್ಟೆಯ ಹತ್ತಿರ ಬಂದು ನಿಂತರು. ಸೌಟಿನಲ್ಲಿ ಒಂದು ದೊಡ್ಡ ಮಿಡಿ, ಒಂದು ಸಣ್ಣದು, ಕೆಂಪು ರಸದಲ್ಲಿ ಮುಳುಗಿಕೊಂಡಿದ್ದವು.

"ಯಾವ ಸೈಜ್ ಹಾಕ್ಲಿ ರೀ ಮೇಡಂ?"

ಶಿವರಾಮ ತುತ್ತು ಬಿಟ್ಟು ನನ್ನ ಮುಖ ನೋಡಿದ. ಅತ್ತೆಯ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬುಟ್ಟಿ ಇಳಿಸಿ ಕಾಯುತ್ತ ನಿಂತವರು ನನ್ನ ಕೈ ನೋಡುತ್ತಿದ್ದದ್ದು ಹೀಗೆಯೇ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಎಂದು ಕರೆಯಬೇಕೆಂದಿದ್ದೆ.

"ಒಂದನೇ ನಂಬರ್" ಎಂದೆ.